ೞ: ಹೆಸರು ತಪ್ಪಿದ ಅಕ್ಷರ

ಹಳಗನ್ನಡದ ೞ ಅಕ್ಷರಕ್ಕೆ ಗಣಕಲಿಪಿಗಳ ಮಾನಕವಾದ ಯೂನಿಕೋಡ್ ಕೊಟ್ಟ ಸಂಖ್ಯೆ 3294, ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’. ಎಫ್‌ಎ ಎಂದರೆ ‘ಫ್ಯಾನ್’ ಪದದ ಮೊದಲ ಧ್ವನಿ. ೞಕಾರಕ್ಕೂ ಅದಕ್ಕೂ ನಂಟೇ ಇಲ್ಲ.

ನಾಲಗೆಯನ್ನು ಹಿಂದಕ್ಕೆ ಮಡಿಸಿ, ಅಂಗುಳಕ್ಕೆ ತಾಗಿಸದೆ ನುಡಿಯುವ ಈ ಧ್ವನಿ ತಮಿಳು, ಮಲಯಾಳಗಳಲ್ಲಿ ಇನ್ನೂ ಉಳಿದಿದೆ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ರಳ ಎಂದು ಕರೆದು ಕುಳ, ಕ್ಷಳ ಎಂಬ ಳಕಾರಗಳಿಂದ ಬೇರ್ಪಡಿಸಿದ್ದಾನೆ. ಆಡುಮಾತಿನಲ್ಲಿ ಅದು ಬಹುಮಟ್ಟಿಗೆ ಳಕಾರದಲ್ಲಿ ಕರಗಿತು: ಏೞು ಏಳಾಯಿತು, ಬಾೞ್ ಬಾಳಾಯಿತು.

ಹೆಸರು ತಪ್ಪಿದ್ದೇಕೆ? ಪ್ರಮುಖ ಭಾರತೀಯ ಲಿಪಿಗಳಿಗೆ ಯೂನಿಕೋಡ್‌ನಲ್ಲಿ ಒಂದೇ ಅಚ್ಚಿನ 128 ಮನೆಗಳ ಪಟ್ಟಿ ಇದೆ. ಇದು ಭಾರತೀಯ ಲಿಪಿಗಳ ಹಳೆಯ ಗಣಕ ಸಂಕೇತವಾದ ಇಸ್ಕಿಯಿಂದ ಬಂದ ಏರ್ಪಾಡು. ಸೊನ್ನೆಯಿಂದ ಎಣಿಸಿದರೆ 52ನೆಯ ಮನೆ ೞ ಧ್ವನಿಯದು. ತಮಿಳು, ಮಲಯಾಳದ ಅಕ್ಷರಗಳು ಅಲ್ಲೇ ಇವೆ, ತೆಲುಗಿನದೂ 2014ರಲ್ಲಿ ಅಲ್ಲಿಗೇ ಸೇರಿತು. ಕನ್ನಡದ ೞ ಮಾತ್ರ 94ನೆಯ ಮನೆಯಲ್ಲಿದೆ. ದೇವನಾಗರಿಯಲ್ಲಿ ಆ ಮನೆ ಚುಕ್ಕೆಯ ಫಕಾರದ್ದು. ಹೆಸರು ಅಲ್ಲಿಂದಲೇ ಬಂದಿರಬೇಕು. ಕನ್ನಡದ 52ನೆಯ ಮನೆ ಇಂದಿಗೂ ಖಾಲಿ.

ಒಮ್ಮೆ ಕೊಟ್ಟ ಹೆಸರನ್ನು ಯೂನಿಕೋಡ್ ಬದಲಿಸುವುದಿಲ್ಲ, 1996ರ 2.0 ಆವೃತ್ತಿಯಿಂದ ಅದೇ ನಿಯಮ. ಹೆಸರನ್ನೇ ನೆಚ್ಚಿ ಬರೆದ ತಂತ್ರಾಂಶಗಳು ಕೆಡಬಾರದೆಂಬ ಎಚ್ಚರಿಕೆ ಇದು. ಹಾಗಾಗಿ ಹೆಸರು ತಪ್ಪೆಂದು ಟಿಪ್ಪಣಿ ಬರೆದು, ‘ಎಲ್‌ಎಲ್‌ಎಲ್‌ಎ’ ಎಂಬ ಸರಿಯಾದ ಪರ್ಯಾಯವನ್ನು ಸೇರಿಸಲಾಗಿದೆ. ಗಣಕಕ್ಕೆ ಬೇಕಾದುದು ಸಂಖ್ಯೆಯಷ್ಟೆ. ಯುಟಿಎಫ್-8 ಕಡತದಲ್ಲಿ ಅದು 224, 179, 158 ಎಂಬ ಮೂರು ಬೈಟ್‌ಗಳಾಗಿ ಕೂರುತ್ತದೆ. ಅಕಾರಾದಿ ಜೋಡಣೆಗೆ ಬೇರೆಯೇ ಪಟ್ಟಿ ಇರುವುದರಿಂದ ಮನೆ ದೂರವಾದರೂ ನಷ್ಟವಿಲ್ಲ.

ಈ ಅಕ್ಷರ ಹೆಚ್ಚು ಬೇಕಾಗುವುದು ಹಳೆಯ ಕೃತಿ, ಶಾಸನಗಳ ಪಾಠಕ್ಕೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಶಾಸನವೊಂದನ್ನು ಬೆರಳಚ್ಚಿಸುವವರು ೞ ಇರುವಲ್ಲಿ ಸುಲಭಕ್ಕೆಂದು ಳ ಹಾಕಿದರೆ ಪಾಠವೇ ಕೆಡುತ್ತದೆ: ಆಳ್ ಎಂದರೆ ರಾಜ್ಯವಾಳು, ಆೞ್ ಎಂದರೆ ಮುಳುಗು. ಅರಸರಿಗೆ ಎರಡೂ ಒದಗುತ್ತಿದ್ದವು, ನಿಜ. ಹುಡುಕಾಟದಲ್ಲಿ ಮಾತ್ರ ಈ ನಿಖರತೆ ತೊಡಕು. ‘ಏಳು’ ಎಂದು ಹುಡುಕಿದರೆ ‘ಏೞು’ ಸಿಗದು. ಪಾಠದಲ್ಲಿ ೞವನ್ನು ಹಾಗೆಯೇ ಉಳಿಸಿಕೊಂಡು, ಹುಡುಕುವಾಗ ಮಾತ್ರ ಎರಡನ್ನೂ ಒಂದೆಂದು ಎಣಿಸುವ ವ್ಯವಸ್ಥೆಯನ್ನು ತಂತ್ರಾಂಶದಲ್ಲಿ ಪ್ರತ್ಯೇಕವಾಗಿ ಮಾಡಬೇಕಾಗುತ್ತದೆ.