ಉದ್ಯಮಕ್ಕೊಂದು ಇ-ಮೇಲ್ ವಿಳಾಸ: ಸೇವಾ ಸಂಸ್ಥೆಯ ಆಯ್ಕೆಗೆ ಮುನ್ನ

ಚಕ್ಕೋತ, ದ್ರಾಕ್ಷಿ, ವಿಜಯಪುರದ ರೇಷ್ಮೆಗೂಡು – ದೇವನಹಳ್ಳಿ ತಾಲ್ಲೂಕಿನ ಹಳೆಯ ವಹಿವಾಟು ನಡೆದುದು ಬಹುಮಟ್ಟಿಗೆ ಮುಖಾಮುಖಿ ಮಾತಿನ ಮೇಲೆ, ಮಾತಿಗೆ ತಪ್ಪದವರೆಂಬ ಹೆಸರಿನ ಮೇಲೆ. ಮೇ 2008ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ತರುವಾಯ ಚಿತ್ರ ಬದಲಾಯಿತು. ಕೆ.ಐ.ಎ.ಡಿ.ಬಿ.ಯ ಏರೋಸ್ಪೇಸ್ ಪಾರ್ಕ್ ಬಂದಿತು. ಅದರ ಹಿಂದೆಯೇ ಬಿಡಿಭಾಗಗಳ ತಯಾರಕರು, ಪ್ಯಾಕಿಂಗ್ ಪೆಟ್ಟಿಗೆ ಮಾಡುವವರು, ಲಾರಿ ಮಾಲೀಕರು, ಊಟೋಪಚಾರದ ಗುತ್ತಿಗೆದಾರರು ಬಂದರು. ಇವರ ಗಿರಾಕಿಗಳು ಖರೀದಿ ಆದೇಶವನ್ನು ಫೋನಿನಲ್ಲಿ ಹೇಳಿ ಮುಗಿಸುವವರಲ್ಲ. ದರಪಟ್ಟಿ ಕೇಳುವುದು, ನಕ್ಷೆ ಕಳುಹಿಸುವುದು, ಆದೇಶ ನೀಡುವುದು, ಮಾಲು ತಿರಸ್ಕರಿಸುವುದು ಎಲ್ಲವೂ ಇ-ಮೇಲಿನಲ್ಲಿಯೇ.

ಇಷ್ಟಾದರೂ ಸಣ್ಣ ಉದ್ಯಮಗಳಲ್ಲಿ ಅನೇಕವು ಇಂದಿಗೂ ಮಾಲೀಕರ ಇಲ್ಲವೇ ಅವರ ಮಗನ ಹೆಸರಿನ ಉಚಿತ ಅಂಚೆಪೆಟ್ಟಿಗೆಯನ್ನೇ ನೆಚ್ಚಿಕೊಂಡಿವೆ. ಇನ್ನು ಕೆಲವು, ವೆಬ್‌ಸೈಟ್ ಮಾಡಿಕೊಟ್ಟವರು ಅದರ ಜೊತೆಗೆ ಕೊಟ್ಟ ಅಂಚೆಪೆಟ್ಟಿಗೆಯನ್ನು ಏನು ಎತ್ತ ಎಂದು ವಿಚಾರಿಸದೆ ಬಳಸುತ್ತಿವೆ. ಹತ್ತು ಸಾವಿರ ರೂಪಾಯಿಯ ತೂಕದ ಯಂತ್ರ ಕೊಳ್ಳುವಾಗ ಮೂರು ಕಡೆ ದರ ಕೇಳುವ ವರ್ತಕರು ಈ ವಿಷಯದಲ್ಲಿ ಮಾತ್ರ ಯಾಕೋ ಉದಾಸೀನರು.

ಪತ್ರವೇ ಕರಾರು

ಇ-ಮೇಲನ್ನು ಕೇವಲ ಸುದ್ದಿ ಮುಟ್ಟಿಸುವ ಸಾಧನವೆಂದು ಭಾವಿಸುವವರು ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪನ್ನು ಗಮನಿಸತಕ್ಕದ್ದು. ದುಬೈಯ ಟ್ರೈಮೆಕ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಯು ವೇದಾಂತ ಅಲ್ಯೂಮಿನಿಯಂ ಕಂಪನಿಗೆ ಐದು ಹಡಗು ಬಾಕ್ಸೈಟ್ ಅದಿರನ್ನು ಪೂರೈಸಲು ಅಕ್ಟೋಬರ್ 15, 2007ರಂದು ಇ-ಮೇಲ್ ಮೂಲಕ ಪ್ರಸ್ತಾಪ ಕಳುಹಿಸಿತು. ಮರುದಿನವೇ ಇ-ಮೇಲಿನಲ್ಲಿ ಒಪ್ಪಿಗೆ ಬಂದಿತು. ವಿಧ್ಯುಕ್ತ ಕರಾರು ಪತ್ರಕ್ಕೆ ಸಹಿ ಬೀಳುವ ಮೊದಲೇ ವ್ಯವಹಾರ ಮುರಿದುಬಿದ್ದಿತು. ಸಹಿಯಿಲ್ಲದಿರುವುದರಿಂದ ಕರಾರೇ ಇಲ್ಲ ಎಂಬ ವಾದವನ್ನು ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿ, ಪ್ರಸ್ತಾಪ ಮತ್ತು ಒಪ್ಪಿಗೆ ಸ್ಪಷ್ಟವಾಗಿರುವಲ್ಲಿ ಕರಾರು ಏರ್ಪಟ್ಟಿದೆಯೆಂದು ಹೇಳಿ ವಿವಾದವನ್ನು ಪಂಚಾಯ್ತಿಗೆ ಒಪ್ಪಿಸಿತು.

ಸಣ್ಣ ತಯಾರಕರಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯ ಪ್ರಕಾರ ಮಾಲಿನ ಬಗ್ಗೆ ಆಕ್ಷೇಪವಿದ್ದರೆ ಖರೀದಿದಾರನು ಅದನ್ನು ಮಾಲು ಮುಟ್ಟಿದ 15 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ಮಾಲು ಮುಟ್ಟಿದ ದಿನವೇ ಸ್ವೀಕೃತಿಯ ದಿನವೆಂದು ಭಾವಿಸಲಾಗುವುದು. ಹಣ ಪಾವತಿಯ ಗಡುವು, ಅದು ಮೀರಿದಾಗ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ – ಎಲ್ಲವೂ ಈ ದಿನಾಂಕದ ಮೇಲೆ ನಿಂತಿವೆ. ಆಕ್ಷೇಪದ ಪತ್ರ ಹದಿನಾಲ್ಕನೆಯ ದಿನ ಬಂದಿತೋ, ಐವತ್ತನೆಯ ದಿನ ಬಂದಿತೋ ಎಂಬುದಕ್ಕೆ ಸಾಕ್ಷಿ ಆ ಅಂಚೆಪೆಟ್ಟಿಗೆಯೇ. ಹಿಂದೆ ಬಿಟ್ಟುಹೋದ ಗುಮಾಸ್ತನ ಖಾಸಗಿ ವಿಳಾಸದಲ್ಲಿ ಆ ಪತ್ರವಿದ್ದರೆ ಅದನ್ನು ತರುವವರು ಯಾರು?

ಜುಲೈ 1, 2024ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದನ್ವಯ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಸಲ್ಲಿಸುವಾಗ ಎರಡು ಭಾಗಗಳ ಪ್ರಮಾಣಪತ್ರ ಬೇಕು. ಒಂದಕ್ಕೆ ದಾಖಲೆ ಸಲ್ಲಿಸುವವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು. ತನ್ನ ಅಧೀನದಲ್ಲಿಲ್ಲದ ಪೆಟ್ಟಿಗೆಯ ಬಗ್ಗೆ ಯಾವ ಉದ್ಯಮಿಯೂ ಧೈರ್ಯವಾಗಿ ಸಹಿ ಹಾಕಲಾರನು.

ತೆರಿಗೆಯ ಕಡೆಯಿಂದ ನೋಡಿದರೂ ಅಷ್ಟೆ. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 169ನೆಯ ಪ್ರಕರಣದ ಪ್ರಕಾರ ನೋಂದಣಿಯ ವೇಳೆ ನೀಡಿದ ಇ-ಮೇಲ್ ವಿಳಾಸಕ್ಕೆ ಕಳುಹಿಸಿದ ನೋಟಿಸು ಕ್ರಮಬದ್ಧವಾಗಿ ಜಾರಿಯಾದ ನೋಟಿಸೇ. 2017ರಲ್ಲಿ ತರಾತುರಿಯಿಂದ ನೋಂದಣಿ ಮಾಡಿಸಿದಾಗ ಎಷ್ಟೋ ಅಂಗಡಿಗಳವರು ತೆರಿಗೆ ಸಲಹೆಗಾರರ ಕಚೇರಿಯ ವಿಳಾಸವನ್ನೇ ಕೊಟ್ಟುಬಿಟ್ಟರು. ಸಲಹೆಗಾರರು ಬದಲಾದರು, ವಿಳಾಸ ಮಾತ್ರ ಹಾಗೆಯೇ ಉಳಿಯಿತು. ಉದ್ಯಮದ ಸ್ವಂತ ವಿಳಾಸ ಸಿದ್ಧವಾದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಜಿ.ಎಸ್.ಟಿ., ಆದಾಯ ತೆರಿಗೆ ಹಾಗೂ ಉದ್ಯಮ್ ನೋಂದಣಿಗಳಲ್ಲಿ ಅದನ್ನು ನಮೂದಿಸುವುದು.

ಹೆಸರು ಯಾರದು?

ಸೇವಾ ಸಂಸ್ಥೆ ಯಾವುದೆಂಬ ಪ್ರಶ್ನೆಗಿಂತ ಮೊದಲು ಡೊಮೈನ್ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ ಏಳಬೇಕು. ಡೊಮೈನ್ ಎಂದರೆ ವಿಳಾಸದಲ್ಲಿ 'ಅಟ್' ಚಿಹ್ನೆಯ ನಂತರ ಬರುವ ಭಾಗ. ಅದು ಅಂಗಡಿಯ ನಾಮಫಲಕವಿದ್ದಂತೆ; ಅಂಚೆ ಸೇವೆಯಾದರೋ ಬಾಡಿಗೆಯ ಮಳಿಗೆ. ನಾಮಫಲಕ ಸ್ವಂತದ್ದಾದರೆ ಮಳಿಗೆಯನ್ನು ಎಂದು ಬೇಕಾದರೂ ಬದಲಾಯಿಸಬಹುದು, ಗಿರಾಕಿಗೆ ತಿಳಿಯುವುದೂ ಇಲ್ಲ. ಡೊಮೈನಿನ ದಾಖಲೆಗಳಲ್ಲಿ ಎಂ.ಎಕ್ಸ್. ಎಂಬ ಒಂದು ನಮೂದನ್ನು ತಿದ್ದಿದರೆ ಸಾಕು, ಆ ವಿಳಾಸಕ್ಕೆ ಬರುವ ಪತ್ರಗಳೆಲ್ಲ ಹೊಸ ಸಂಸ್ಥೆಯ ಕಡೆಗೆ ತಿರುಗುತ್ತವೆ.

ಆಗಸ್ಟ್ 15, 1995ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಆರಂಭಿಸಿದ ನಂತರದ ವರ್ಷಗಳಲ್ಲಿ ಬೆಂಗಳೂರಿನ ವರ್ತಕರು ಅದರ ವಿಳಾಸವನ್ನು ಹೆಮ್ಮೆಯಿಂದ ಭೇಟಿ ಚೀಟಿಗಳ ಮೇಲೆ ಮುದ್ರಿಸಿಕೊಂಡರು. 2002ರಲ್ಲಿ ಆ ಸಂಸ್ಥೆ ಟಾಟಾ ಸಮೂಹಕ್ಕೆ ಸೇರಿತು, 2008ರಲ್ಲಿ ಅದರ ಹೆಸರೂ ಬದಲಾಯಿತು. ಸೇವಾದಾರರ ಹೆಸರಿಗೆ ತಮ್ಮ ವ್ಯಾಪಾರದ ವಿಳಾಸವನ್ನು ಕಟ್ಟಿಹಾಕಿಕೊಂಡವರ ಪಾಡು ಅವರ ಕೈಯಲ್ಲಿರುವುದಿಲ್ಲ. ಇಂದಿನ ಉಚಿತ ವಿಳಾಸಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಸ್ವಂತ ಡೊಮೈನ್ ಇದ್ದವರಲ್ಲಿಯೂ ಎಲ್ಲರೂ ಕ್ಷೇಮವಾಗಿಲ್ಲ. ವೆಬ್‌ಸೈಟ್ ಮಾಡಿಕೊಟ್ಟವರು ಅದನ್ನು ತಮ್ಮ ಹೆಸರಿನಲ್ಲಿಯೇ ನೋಂದಾಯಿಸಿರುವುದು ಸರ್ವೇಸಾಮಾನ್ಯ. ಹಣದ ವಿಚಾರದಲ್ಲಿ ಅವರೊಡನೆ ಮನಸ್ತಾಪ ಬಂದರೆ, ಅಥವಾ ಅವರು ವ್ಯವಹಾರ ಮುಚ್ಚಿ ಊರು ಬಿಟ್ಟರೆ, ಉದ್ಯಮದ ಹೆಸರು ಅವರೊಡನೆಯೇ ಹೋದಂತೆ. ಆದುದರಿಂದ ನೋಂದಣಿ ಉದ್ಯಮದ ಹೆಸರಿನಲ್ಲಿರಬೇಕು. ನೋಂದಣಿದಾರರ ಖಾತೆಯ ಪಾಸ್‌ವರ್ಡ್ ಮಾಲೀಕರ ಬಳಿ ಇರಬೇಕು. ಆ ಖಾತೆಗೆ ಕೊಡುವ ಸಂಪರ್ಕ ವಿಳಾಸ ಅದೇ ಡೊಮೈನಿನದಾಗಿರಕೂಡದು. ಡೊಮೈನ್ ನಿಂತ ದಿನ ಎಚ್ಚರಿಕೆಯ ಪತ್ರವೂ ಬರುವುದಿಲ್ಲ.

ನವೀಕರಣದ ದಿನಾಂಕವನ್ನು ವಿಮೆಯ ಕಂತಿನಂತೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದರಲ್ಲಿ ನಾಚಿಕೆಯೇನಿಲ್ಲ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಜ್ಯಾಕ್ ಸ್ಮಿತ್ ಅವರೊಡನೆ 1996ರಲ್ಲಿ ಆರಂಭಿಸಿದ ಹಾಟ್‌ಮೇಲನ್ನು ಮೈಕ್ರೋಸಾಫ್ಟ್ 1997ರ ಕೊನೆಯಲ್ಲಿ ಕೊಂಡುಕೊಂಡಿತು. ಎರಡು ವರ್ಷಗಳ ಬಳಿಕ, 1999ರ ಕ್ರಿಸ್‌ಮಸ್ ಸಮಯದಲ್ಲಿ, ಹಾಟ್‌ಮೇಲ್ ಪ್ರವೇಶಕ್ಕೆ ಬೇಕಾಗಿದ್ದ ಪಾಸ್‌ಪೋರ್ಟ್ ಎಂಬ ಡೊಮೈನಿನ ಶುಲ್ಕ ಕಟ್ಟಲು ಅದೇ ಮೈಕ್ರೋಸಾಫ್ಟ್ ಮರೆಯಿತು. ಬಳಕೆದಾರರು ತಮ್ಮ ಪತ್ರಗಳನ್ನು ತೆರೆಯಲಾಗದೆ ಪರದಾಡಿದರು. ಕೊನೆಗೆ ಕಂಪನಿಗೆ ಸಂಬಂಧವೇ ಇಲ್ಲದ ಒಬ್ಬ ಪ್ರೋಗ್ರಾಮರ್ ತನ್ನ ಕ್ರೆಡಿಟ್ ಕಾರ್ಡಿನಿಂದ 35 ಡಾಲರ್ ಕಟ್ಟಿದನು!

ಸ್ವದೇಶಿಯೋ ವಿದೇಶಿಯೋ

ಇಂದು ಸಣ್ಣ ಉದ್ಯಮಗಳ ಮುಂದಿರುವ ಮುಖ್ಯ ಆಯ್ಕೆಗಳು ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365, ಚೆನ್ನೈನ ಜೋಹೊ, ರೆಡಿಫ್‌ಮೇಲ್ ಮತ್ತು ವೆಬ್ ಹೋಸ್ಟಿಂಗಿನ ಜೊತೆಗೆ ಬರುವ ಅಗ್ಗದ ಪೆಟ್ಟಿಗೆಗಳು. ದೊಡ್ಡ ಹೆಸರೇ ಭದ್ರತೆ ಎಂದು ನಂಬುವವರು ಎರಡು ಘಟನೆಗಳನ್ನು ನೆನೆಯಬೇಕು. ಜುಲೈ 2025ರಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧಗಳ ಬೆನ್ನಲ್ಲೇ ಗುಜರಾತಿನ ವಾಡಿನಾರಿನಲ್ಲಿ ತೈಲ ಶುದ್ಧೀಕರಣಾಗಾರ ಹೊಂದಿರುವ ನಯಾರಾ ಎನರ್ಜಿ ಕಂಪನಿಯ ಸೇವೆಗಳನ್ನು ಮೈಕ್ರೋಸಾಫ್ಟ್ ಹಠಾತ್ತನೆ ಸ್ಥಗಿತಗೊಳಿಸಿತು. ಹಣ ಕಟ್ಟಿಯೂ ಸೇವೆ ನಿಂತಿತೆಂದು ಕಂಪನಿ ದೆಹಲಿ ಉಚ್ಚ ನ್ಯಾಯಾಲಯದ ಮೊರೆ ಹೊಕ್ಕಿತು. ಅಷ್ಟರಲ್ಲಿ ಪತ್ರವ್ಯವಹಾರಕ್ಕೆ ರೆಡಿಫ್ ಸೇವೆಯನ್ನು ಆಶ್ರಯಿಸಿತು. ಆ ತಿಂಗಳ ಕೊನೆಗೆ ಸೇವೆ ಮರಳಿತು. ಇನ್ನೊಂದು, ಸೆಪ್ಟೆಂಬರ್ 2018ರದು. ಜೋಹೊ ಬಳಕೆದಾರರಲ್ಲಿ ಕೆಲವರು ವಂಚನೆಯ ಪತ್ರ ಕಳುಹಿಸುತ್ತಿದ್ದಾರೆಂಬ ದೂರುಗಳ ಮೇಲೆ ಜೋಹೊ ಸಂಸ್ಥೆಯ ಡೊಮೈನನ್ನೇ ಅದರ ಅಮೆರಿಕದ ನೋಂದಣಿದಾರರು ತಡೆಹಿಡಿದರು. ಲಕ್ಷಾಂತರ ಗ್ರಾಹಕರ ಕೆಲಸ ಕೆಟ್ಟಿತು.

ಆದಕಾರಣ ಸ್ವದೇಶಿಯೇ ಲೇಸು, ವಿದೇಶಿಯೇ ಲೇಸು ಎಂಬ ಜಗಳಕ್ಕಿಂತ, ನಾಳೆ ಬೆಳಿಗ್ಗೆ ಸೇವೆ ನಿಂತರೆ ಸಂಜೆಯೊಳಗೆ ಬೇರೆ ಕಡೆಗೆ ಹೋಗಬಹುದೇ ಎಂಬ ವಿಚಾರ ಮುಖ್ಯ. ಅದಕ್ಕೆ ಡೊಮೈನ್ ಮತ್ತು ಅಂಚೆ ಸೇವೆ ಎರಡನ್ನೂ ಒಂದೇ ಸಂಸ್ಥೆಯಲ್ಲಿ ಇಡದಿರುವುದು ಮೇಲು. ಹಳೆಯ ಪತ್ರಗಳ ಪ್ರತಿಯನ್ನು ತಿಂಗಳಿಗೊಮ್ಮೆಯಾದರೂ ಬೇರೆ ಕಡೆ ಇಳಿಸಿಡಬೇಕು. ಸೇವಾ ಸಂಸ್ಥೆ 'ಐಮ್ಯಾಪ್' ಪದ್ಧತಿಯ ಸಂಪರ್ಕಕ್ಕೆ ಅವಕಾಶ ಕೊಡುವುದೇ ಎಂದು ಕೇಳಿ ತಿಳಿಯಬೇಕು. ಹಳೆಯ 'ಪಾಪ್' ಪದ್ಧತಿಯಲ್ಲಿ ಪತ್ರಗಳು ಸಾಮಾನ್ಯವಾಗಿ ಒಂದೇ ಗಣಕಯಂತ್ರಕ್ಕೆ ಇಳಿದು ಸರ್ವರಿನಿಂದ ಅಳಿಸಿಹೋಗುತ್ತವೆ. ಆ ಯಂತ್ರದ ಡಿಸ್ಕ್ ಕೆಟ್ಟರೆ ವರ್ಷಗಳ ಪತ್ರವ್ಯವಹಾರವೇ ಇಲ್ಲ. ಜಿ.ಎಸ್.ಟಿ. ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆಯ ಗಡುವಿನಿಂದ 72 ತಿಂಗಳು ಕಾಯ್ದಿಡಬೇಕು. 2025-26ರ ವರ್ಷದ ದಾಖಲೆಗಳೆಂದರೆ ಡಿಸೆಂಬರ್ 31, 2032ರವರೆಗೆ. ಅವುಗಳಿಗೆ ಆಧಾರವಾದ ಖರೀದಿ ಆದೇಶಗಳೂ ಅಷ್ಟು ಕಾಲ ಸಿಗುವಂತಿರಬೇಕು.

ಕಳ್ಳಗಿಂಡಿಗಳು

ಸರಬರಾಜುದಾರನ ಹೆಸರಿನಲ್ಲಿ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಹಣ ಇಲ್ಲಿಗೆ ಹಾಕಿ" ಎಂಬ ನಕಲಿ ಪತ್ರ ಬರುವುದು ಈಗಿನ ಅತಿ ದುಬಾರಿಯ ವಂಚನೆಗಳಲ್ಲೊಂದು. ಎಸ್.ಪಿ.ಎಫ್., ಡಿಕಿಮ್, ಡಿಮಾರ್ಕ್ ಎಂಬ ಮೂರು ನಮೂದುಗಳು ಡೊಮೈನಿನಲ್ಲಿದ್ದರೆ ಉದ್ಯಮದ ವಿಳಾಸವನ್ನೇ ಕದ್ದು ಬಳಸುವುದು ಕಠಿಣವಾಗುತ್ತದೆ. ಫೆಬ್ರವರಿ 2024ರಿಂದ ಗೂಗಲ್ ಮತ್ತು ಯಾಹೂ ಪತ್ರ ಕಳುಹಿಸುವವರೆಲ್ಲರಿಗೂ ಮೊದಲೆರಡರಲ್ಲಿ ಒಂದನ್ನಾದರೂ, ಭಾರಿ ಸಂಖ್ಯೆಯಲ್ಲಿ ಕಳುಹಿಸುವವರಿಗೆ ಮೂರನ್ನೂ ಕಡ್ಡಾಯ ಮಾಡಿವೆ. ಇವಿಲ್ಲದ ಅಗ್ಗದ ಪೆಟ್ಟಿಗೆಯಿಂದ ಹೊರಟ ದರಪಟ್ಟಿ ಗಿರಾಕಿಯ 'ಸ್ಪ್ಯಾಮ್' ಬುಟ್ಟಿಗೆ ಬಿದ್ದು, ವರ್ತಕರು ಉತ್ತರಕ್ಕಾಗಿ ಕಾದು ಕೂರುವುದುಂಟು. ಸೇವೆ ಮಾರಲು ಬಂದವರು ಈ ಮೂರನ್ನೂ ತಾವೇ ಅಳವಡಿಸಿಕೊಡುವರೇ ಎಂಬುದಕ್ಕೆ ನೇರ ಉತ್ತರ ಕೊಡದಿದ್ದರೆ ಅವರನ್ನು ಬಿಡುವುದು ಒಳಿತು. ಒಂದು ಅಕ್ಷರ ಮಾತ್ರ ವ್ಯತ್ಯಾಸವಿರುವ ಹುಸಿ ಡೊಮೈನನ್ನು ಈ ನಮೂದುಗಳು ತಡೆಯಲಾರವು. ಅಲ್ಲಿ ಉಪಾಯ ಒಂದೇ: ಖಾತೆ ಬದಲಾವಣೆಯ ಪತ್ರ ಬಂದರೆ, ಪತ್ರದಲ್ಲಿರುವ ಸಂಖ್ಯೆಗಲ್ಲ, ಮೊದಲಿನಿಂದ ಬಳಿಯಿರುವ ಸಂಖ್ಯೆಗೆ ಕರೆ ಮಾಡಿ ಕೇಳುವುದು. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ತಿಳಿಸತಕ್ಕದ್ದು.

ಖರ್ಚು ವೆಚ್ಚ

ಶುಲ್ಕ ಪೆಟ್ಟಿಗೆಯ ಲೆಕ್ಕದಲ್ಲಿ ಬೀಳುತ್ತದೆ. ಉದಾಹರಣೆಗೆ ತಿಂಗಳಿಗೆ ಪೆಟ್ಟಿಗೆಯೊಂದಕ್ಕೆ 100 ರೂಪಾಯಿ ಎಂದಿಟ್ಟುಕೊಂಡರೆ ಎಂಟು ಪೆಟ್ಟಿಗೆಗಳಿಗೆ ವರ್ಷಕ್ಕೆ 9,600 ರೂಪಾಯಿ, ಶೇ. 18ರ ಜಿ.ಎಸ್.ಟಿ. ಸೇರಿ 11,328 ರೂಪಾಯಿ. ಎಂಟು ಬೇಕೇ ಎಂಬುದನ್ನು ಮೊದಲು ನೋಡಬೇಕು. ಮಾರಾಟ, ಲೆಕ್ಕಪತ್ರ, ವಿಚಾರಣೆ ಎಂಬಂಥ ವಿಳಾಸಗಳಿಗೆ ಬೇರೆ ಪೆಟ್ಟಿಗೆ ಕೊಳ್ಳಬೇಕಾಗಿಲ್ಲ. ಅವುಗಳನ್ನು ಒಬ್ಬರ ಪೆಟ್ಟಿಗೆಗೆ ಉಪನಾಮವಾಗಿ ಸೇರಿಸಬಹುದು. ಮೂರು-ನಾಲ್ಕು ಪೆಟ್ಟಿಗೆಗಳಲ್ಲಿ ಸಾಮಾನ್ಯ ವರ್ಕ್‌ಶಾಪಿನ ಕೆಲಸ ಸಾಗುತ್ತದೆ. ಮೊದಲ ವರ್ಷದ ರಿಯಾಯಿತಿ ದರಕ್ಕಿಂತ ಎರಡನೆಯ ವರ್ಷದ ನವೀಕರಣ ದರವನ್ನು ಹೋಲಿಸಿ ನೋಡುವುದು ಜಾಣತನ. ಖಾತೆ ತೆರೆಯುವಾಗಲೇ ಜಿ.ಎಸ್.ಟಿ. ಸಂಖ್ಯೆಯನ್ನು ಕೊಡದಿದ್ದರೆ ಬಿಲ್ಲಿನಲ್ಲಿ ಅದು ಬಾರದೆ ಹೂಡುವಳಿ ತೆರಿಗೆ ಜಮೆ ತಪ್ಪಿಹೋಗುತ್ತದೆ. ವಿದೇಶದಿಂದಲೇ ನೇರವಾಗಿ ಬಿಲ್ಲು ಮಾಡುವ ಸಂಸ್ಥೆಯಾದರೆ ನೋಂದಾಯಿತ ಉದ್ಯಮವು ರಿವರ್ಸ್ ಚಾರ್ಜ್ ಅಡಿಯಲ್ಲಿ ತೆರಿಗೆಯನ್ನು ತಾನೇ ಕಟ್ಟಬೇಕು.

ನೌಕರ ಬಿಟ್ಟುಹೋದಾಗ ಅವನ ಪೆಟ್ಟಿಗೆಯನ್ನು ಉಳಿತಾಯದ ಆಸೆಯಿಂದ ಅಂದೇ ಅಳಿಸುವುದು ತರವಲ್ಲ. ಪಾಸ್‌ವರ್ಡ್ ಬದಲಿಸಿ, ಪತ್ರಗಳನ್ನು ಮತ್ತೊಬ್ಬರ ಪೆಟ್ಟಿಗೆಗೆ ವರ್ಗಾಯಿಸಿ, ಆಮೇಲೆ ಮುಚ್ಚಬೇಕು. ಅಳಿಸಿದ ಪೆಟ್ಟಿಗೆಯನ್ನು ಎಷ್ಟು ದಿನಗಳೊಳಗೆ ಮರಳಿ ಪಡೆಯಬಹುದೆಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ.

ಹಳೆಯ ವಿಳಾಸದಿಂದ ಹೊಸದಕ್ಕೆ ಹೋಗಲು ತಿಂಗಳ ಇಪ್ಪತ್ತರ ನಂತರದ ಶನಿವಾರ ಅನುಕೂಲ. ಜಿ.ಎಸ್.ಟಿ.ಆರ್.-3ಬಿ ಸಲ್ಲಿಕೆಯ ಗಡಿಬಿಡಿ ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಎಂ.ಎಕ್ಸ್. ಬದಲಾವಣೆ ಎಲ್ಲೆಡೆ ಹರಡಲು ಕೆಲವೊಮ್ಮೆ ಒಂದೆರಡು ದಿನ ಹಿಡಿಯುವುದರಿಂದ ಆ ಅವಧಿಯಲ್ಲಿ ಎರಡೂ ಪೆಟ್ಟಿಗೆಗಳನ್ನು ನೋಡುತ್ತಿರಬೇಕು. ಉಚಿತ ವಿಳಾಸವನ್ನು ಬಿಡುವವರು ಅದಕ್ಕೆ ಬರುವ ಪತ್ರಗಳು ಹೊಸ ವಿಳಾಸಕ್ಕೆ ತಾವಾಗಿಯೇ ಹೋಗುವಂತೆ ಮಾಡಿ, ಬ್ಯಾಂಕು, ಬೆಸ್ಕಾಂ, ವಿಮೆ, ಸಾರಿಗೆ ಕಚೇರಿಗಳಲ್ಲೆಲ್ಲ ಬದಲಾವಣೆ ಮಾಡಿಸುವವರೆಗೆ, ಕಡಿಮೆಯೆಂದರೆ ಒಂದು ವರ್ಷ, ಅದನ್ನು ಜೀವಂತವಾಗಿಡುವುದು ಅವಶ್ಯ.