ಸಯನ್‌ನಿಂದ ಋಷಿಕೇಶಕ್ಕೆ ಬ್ಯಾಗ್ ಹೆಗಲಿಗೇರಿಸುವ ಮುನ್ನ: ರೈಲು, ಆಶ್ರಮದ ಜೊತೆ ಗಂಗೆಯ ಸೆಳೆತವೂ ಗೊತ್ತಿರಲಿ

ಸಯನ್ (ಮುಂಬೈ): "ಅಮ್ಮಾ, ಫ್ರೆಂಡ್ಸ್ ಜೊತೆ ನಾಲ್ಕು ದಿನ ಋಷಿಕೇಶಕ್ಕೆ ಹೋಗಿ ಬರ್ತೀನಿ." ಮಗನೋ ಮಗಳೋ ಹೀಗೆ ಹೇಳಿದರೆ ಅಮ್ಮನ ಮೊದಲ ಪ್ರಶ್ನೆ ಊಟದ್ದು, ಅಪ್ಪನದು ಖರ್ಚಿನದು. ಋಷಿಕೇಶದಲ್ಲಿ ಇವೆರಡೂ ದೊಡ್ಡ ಸಮಸ್ಯೆಯಲ್ಲ. ಕೇಳಲೇಬೇಕಾದ ಪ್ರಶ್ನೆ ಬೇರೆಯೇ ಇದೆ: ನದಿಗೆ ಎಲ್ಲಿ ಇಳಿಯುತ್ತೀರಿ?

ಹೋಗುವುದು ಹೇಗೆ?

ಸಯನ್‌ನಿಂದ ಲೋಕಲ್‌ನಲ್ಲಿ ಮುಂದಿನ ಸ್ಟೇಷನ್ ಕುರ್ಲಾ. ಅಲ್ಲಿಗೆ ಹತ್ತಿರದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಹರಿದ್ವಾರಕ್ಕೆ ಎಸಿ ಎಕ್ಸ್‌ಪ್ರೆಸ್ ರೈಲಿದೆ. ಆದರೆ ಇದು ದಿನವೂ ಓಡುವುದಿಲ್ಲ. ಬಾಂದ್ರಾ ಟರ್ಮಿನಸ್‌ನಿಂದಲೂ ಹರಿದ್ವಾರಕ್ಕೆ ರೈಲು ಸಿಗುತ್ತದೆ. ಹೊರಡುವ ಮೊದಲು ವೇಳಾಪಟ್ಟಿ ನೋಡಿಕೊಳ್ಳಿ. ಹರಿದ್ವಾರದಿಂದ ಋಷಿಕೇಶ ಸುಮಾರು 25 ಕಿ.ಮೀ. ಬಸ್ಸು ಇದೆ, 'ವಿಕ್ರಂ' ಎಂದು ಕರೆಯುವ ಶೇರ್ ಆಟೊಗಳೂ ಇವೆ.

ಊರಿನೊಳಗೆ ನಡೆದೇ ಸುತ್ತಬಹುದು. ರಾಮ ಝೂಲಾ ಇಲ್ಲವೇ 2020ರಲ್ಲಿ ತೆರೆದ ಜಾನಕಿ ಸೇತು ದಾಟಿದರೆ ಆಚೆ ದಡದ ಸ್ವರ್ಗಾಶ್ರಮ. 1968ರಲ್ಲಿ ಬೀಟಲ್ಸ್ ತಂಡ ತಂಗಿದ್ದ ಮಹರ್ಷಿ ಮಹೇಶ ಯೋಗಿ ಆಶ್ರಮದ ಪಾಳು ಕಟ್ಟಡಗಳೂ ಅದೇ ದಡದಲ್ಲಿವೆ. ಸಂಜೆ ತ್ರಿವೇಣಿ ಘಾಟ್ ಮತ್ತು ಪರಮಾರ್ಥ ನಿಕೇತನದ ಗಂಗಾರತಿ ನೋಡಲು ಟಿಕೆಟ್ ಬೇಕಿಲ್ಲ.

ಮೀನಿಲ್ಲದೆ ಊಟ ಸೇರದವರು ಮಾತ್ರ ಸ್ವಲ್ಪ ಸಹಿಸಿಕೊಳ್ಳಬೇಕು. ಋಷಿಕೇಶ ಪುರಸಭೆ ವ್ಯಾಪ್ತಿಯಲ್ಲಿ ಮಾಂಸ, ಮೀನು, ಮೊಟ್ಟೆ ಮಾರುವುದಕ್ಕೆ ಇದ್ದ ನಿಷೇಧವನ್ನು 2004ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ಪುತ್ತೂರು, ಮಂಗಳೂರಿನ ನಂಟು

ಹಾಸ್ಟೆಲ್ ಬೇಡ, ಆಶ್ರಮದಲ್ಲಿ ಉಳಿಯೋಣ ಎನ್ನುವವರಿಗೆ ನಮ್ಮವರ ನಂಟಿರುವ ಜಾಗವೊಂದಿದೆ. ಮಲಯಾದಲ್ಲಿ ವೈದ್ಯರಾಗಿದ್ದ ಸ್ವಾಮಿ ಶಿವಾನಂದರು 1936ರಲ್ಲಿ ಇಲ್ಲಿ ಡಿವೈನ್ ಲೈಫ್ ಸೊಸೈಟಿ ಸ್ಥಾಪಿಸಿದರು. 1963ರಲ್ಲಿ ಅವರು ತೀರಿಕೊಂಡ ಬಳಿಕ ಅಧ್ಯಕ್ಷರಾದ ಸ್ವಾಮಿ ಚಿದಾನಂದರು 1916ರಲ್ಲಿ ಹುಟ್ಟಿದ್ದು ಮಂಗಳೂರಿನಲ್ಲಿ. ದಶಕಗಳ ಕಾಲ ಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಸ್ವಾಮಿ ಕೃಷ್ಣಾನಂದರು ಪುತ್ತೂರಿನವರು. ಬ್ಯಾಗ್ ಹಿಡಿದು ನೇರವಾಗಿ ಬಾಗಿಲಿಗೆ ಹೋದರೆ ಇಲ್ಲಿ ಕೋಣೆ ಸಿಗುತ್ತದೆ ಎಂದುಕೊಳ್ಳಬೇಡಿ. ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ಆಶ್ರಮವೆಂದರೆ ಅಗ್ಗದ ಲಾಡ್ಜ್ ಅಲ್ಲ, ಅಲ್ಲಿನ ಶಿಸ್ತಿಗೆ ಹೊಂದಿಕೊಳ್ಳಬೇಕು.

ಗಂಗೆ ಯಾಕೆ ಅಪಾಯಕಾರಿ?

ಊರಿನ ಕೆರೆಯಲ್ಲಿ ಈಜಿದವರು, ಜುಹೂ ಬೀಚಿನಲ್ಲಿ ಆಡಿ ಬೆಳೆದವರು "ನಮಗೆ ನೀರು ಹೊಸದಲ್ಲ" ಎಂದು ಇಳಿದುಬಿಡುತ್ತಾರೆ. ಇಲ್ಲಿನ ನೀರು ಮೂರು ಕಾರಣಕ್ಕೆ ಬೇರೆ.

ಒಂದು, ಚಳಿ. ಹಿಮ ಕರಗಿ ಬರುವ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ಒಮ್ಮೆಲೇ ಹಾರಿದರೆ ತಡೆಯಲಾಗದೆ ಏದುಸಿರು ಬಂದು ನೀರು ಒಳಗೆ ಹೋಗಬಹುದು. ಕೆಲವೇ ನಿಮಿಷಗಳಲ್ಲಿ ಕೈಕಾಲು ಸೋಲುತ್ತವೆ. ಒಳ್ಳೆಯ ಈಜುಗಾರನಿಗೂ ಇದು ತಪ್ಪಿದ್ದಲ್ಲ.

ಎರಡು, ಸೆಳೆತ. ಮರಳ ದಂಡೆಯ ಬಳಿ ಶಾಂತವಾಗಿ ಕಾಣುವ ನೀರು ನಾಲ್ಕು ಹೆಜ್ಜೆ ಮುಂದೆ ಆಳವಾಗುತ್ತದೆ. ಬಂಡೆಗಳ ಬಳಿ ಸುಳಿ ಇರುತ್ತದೆ.

ಮೂರು, ಅಣೆಕಟ್ಟು. ದೇವಪ್ರಯಾಗದಲ್ಲಿ ಅಲಕನಂದಾ ಮತ್ತು ಭಾಗೀರಥಿ ಸೇರಿ ಗಂಗೆಯಾಗುತ್ತವೆ. ಭಾಗೀರಥಿಗೆ ತೆಹ್ರಿಯಲ್ಲಿ 260 ಮೀಟರ್ ಎತ್ತರದ ಅಣೆಕಟ್ಟಿದೆ. ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಕೆಳಗೆ ಮಟ್ಟ ಏರುತ್ತದೆ. ಬೆಳಿಗ್ಗೆ ಫೋಟೊ ತೆಗೆದ ಬಂಡೆ ಸಂಜೆ ಮುಳುಗಿರಬಹುದು.

ಹಾಗಾಗಿ ಸ್ನಾನಕ್ಕೆ ಸರಪಳಿ ಹಾಕಿರುವ ಘಾಟ್‌ಗಳನ್ನೇ ಆರಿಸಿ. ಜನರಿಲ್ಲದ ಬೀಚ್‌ಗಳಲ್ಲಿ ಕಾಲು ತೊಳೆದು ಬಂದರೆ ಸಾಕು. ಶಿವಪುರಿಯಿಂದ ಹೊರಡುವ ಸುಮಾರು 16 ಕಿ.ಮೀ. ರಾಫ್ಟಿಂಗ್ ಮಾಡುವುದಾದರೆ ಪರವಾನಗಿ ಇರುವವರ ಬಳಿಯೇ ಹೋಗಿ. ಲೈಫ್ ಜಾಕೆಟ್, ಹೆಲ್ಮೆಟ್ ಬಿಗಿಯಾಗಿವೆಯೇ ಎಂದು ನೀವೇ ಎಳೆದು ನೋಡಿ. ಅಂದಹಾಗೆ, ಶಿವಪುರಿಗಿಂತ ಮೇಲೆ ರಾಫ್ಟಿಂಗ್ ಶುರುವಾಗುವ ಒಂದು ಜಾಗದ ಹೆಸರು 'ಮರೀನ್ ಡ್ರೈವ್'. ಮುಂಬೈ ನೆನಪಾದರೆ ಆಗಲಿ, ಆದರೆ ಕಟ್ಟೆ ಮೇಲೆ ಕೂತು ನೋಡುವ ಕಡಲು ಅದಲ್ಲ.

ಯಾವಾಗ ಹೋಗಬೇಕು?

ಅಕ್ಟೋಬರ್-ನವೆಂಬರ್ ಅಥವಾ ಫೆಬ್ರವರಿ-ಮಾರ್ಚ್ ಒಳ್ಳೆಯದು. ಮೇ-ಜೂನ್‌ನಲ್ಲಿ ಚಾರ್‌ಧಾಮ್ ಯಾತ್ರಿಕರ ವಾಹನಗಳ ದಟ್ಟಣೆ. ಜುಲೈ-ಆಗಸ್ಟ್‌ನಲ್ಲಿ ಪ್ರವಾಹದ ಭಯ, ರಾಫ್ಟಿಂಗ್ ಕೂಡ ಬಂದ್. ಶ್ರಾವಣದ ಕಾಂವಡ ಯಾತ್ರೆಯಲ್ಲಿ ರಸ್ತೆ ತುಂಬಾ ಜನ. ಈ ವಿಷಯದಲ್ಲಿ ನಮ್ಮ ಪಂಚಾಂಗ ನಂಬಿ ಟಿಕೆಟ್ ತೆಗೆಯಬೇಡಿ. ಉತ್ತರ ಭಾರತದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುವುದರಿಂದ ಅವರ ಶ್ರಾವಣ ನಮ್ಮದಕ್ಕಿಂತ ಹದಿನೈದು ದಿನ ಮೊದಲೇ ಶುರುವಾಗುತ್ತದೆ.

ಮನೆಯವರು ಹೊರಡುವವರನ್ನು ತಡೆಯಬೇಕಿಲ್ಲ. ಉಳಿಯುವ ಜಾಗದ ವಿಳಾಸ, ಜೊತೆಗಿರುವವರ ನಂಬರ್ ಬರೆದಿಟ್ಟುಕೊಳ್ಳಿ. ಒಬ್ಬರೇ ನದಿಗೆ ಇಳಿಯುವುದಿಲ್ಲ ಎಂಬ ಮಾತನ್ನೂ ತೆಗೆದುಕೊಳ್ಳಿ.