ಹಳೆಯ ಗಣಕದ ಕಾವಲು

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಶತ್ರುಗಳು ನುಗ್ಗಿದುದು ಫಿರಂಗಿಗಳು ಗೋಡೆಯಲ್ಲಿ ಒಡೆದ ಕಂಡಿಯ ಮೂಲಕ. ಗಣಕದ ತಂತ್ರಾಂಶದಲ್ಲಿಯೂ ಇಂತಹ ಕಂಡಿಗಳು ಆಗಾಗ ಕಂಡುಬರುತ್ತವೆ. ಅವನ್ನು ಮುಚ್ಚುವುದೇ ನವೀಕರಣದ ಮುಖ್ಯ ಕೆಲಸ.

ಪಾಂಡವಪುರದಲ್ಲಾಗಲಿ ನಾಗಮಂಗಲದಲ್ಲಾಗಲಿ, ಹಳೆಯ ಗಣಕವನ್ನು ಉಳಿಸಿಕೊಳ್ಳಬಯಸುವವರಿಗೆ ಲಿನಕ್ಸ್ ಬಳಗದ ಹಗುರವಾದ ಕಾರ್ಯಾಚರಣ ವ್ಯವಸ್ಥೆ ‘ಲುಬುಂಟು’ ಅನುಕೂಲವಾದುದು. ಅದರ ನವೀಕರಣಕ್ಕೆ ಎರಡು ಹೆಜ್ಜೆಗಳುಂಟು. ‘ಆಪ್ಟ್ ಅಪ್‌ಡೇಟ್’ ಎಂಬ ಆಜ್ಞೆಯು ತಂತ್ರಾಂಶ ಭಂಡಾರದ ಹೊಸ ಪಟ್ಟಿಯನ್ನು ಮಾತ್ರ ತರುತ್ತದೆ. ಪಟ್ಟಿಯಲ್ಲಿರುವುದನ್ನು ತಂದು ಸ್ಥಾಪಿಸುವುದು ‘ಆಪ್ಟ್ ಅಪ್‌ಗ್ರೇಡ್’. ಮೊದಲನೆಯದನ್ನಷ್ಟೆ ಮಾಡಿ ನಿಶ್ಚಿಂತರಾದರೆ ಕಂಡಿಯು ತೆರೆದೇ ಇರುತ್ತದೆ. ಪಟ್ಟಿಗೆ ಡಿಜಿಟಲ್ ಸಹಿ ಇರುವುದರಿಂದ, ನಡುದಾರಿಯಲ್ಲಿ ಯಾರಾದರೂ ಸರಕನ್ನು ಬದಲಿಸಿದರೆ ಗಣಕವು ಅದನ್ನು ನಿರಾಕರಿಸುತ್ತದೆ.

ಈ ಕಾವಲಿಗೂ ಅವಧಿಯುಂಟು. 2024ರ ಏಪ್ರಿಲಿನಲ್ಲಿ ಹೊರಬಂದ 24.04 ಆವೃತ್ತಿಗೆ ಅದು ಮೂರು ವರ್ಷ. ಅದು ಮುಗಿಯುವ ಮೊದಲೇ ನಾವು ಮುಂದಿನ ಆವೃತ್ತಿಗೆ ಏರಬೇಕು.